ನೇಪಾಳದ ಹೆಸರಿನಲ್ಲಿ ಬಂದ ಕಾಳುಮೆಣಸು

ಕೊಡಗಿನ ಗೋಣಿಕೊಪ್ಪಲು, ಸಿದ್ದಾಪುರದ ಕಡೆ ಕಾಳುಮೆಣಸಿನ ದರ ಬಿದ್ದಾಗಲೆಲ್ಲ ಬೆಳೆಗಾರರ ಬಾಯಲ್ಲಿ ಮೊದಲು ಬರುವುದು ವಿಯೆಟ್ನಾಂ, ಆಮೇಲೆ ಶ್ರೀಲಂಕಾ. ಆಮೇಲಾಮೇಲೆ ಆ ಸಾಲಿಗೆ ನೇಪಾಳವೂ ಸೇರಿತು. ವ್ಯಾಪಾರಕ್ಕೆ ಸಾಲುವಷ್ಟು ಮೆಣಸನ್ನೇ ಬೆಳೆಯದ ದೇಶ ಅದು. ಅಲ್ಲಿಂದ ಮೆಣಸು ಬಂದದ್ದು ಹೇಗೆ?

ನೇಪಾಳದ ಮೂರು ದಿಕ್ಕಿಗೆ ಭಾರತ, ಉತ್ತರಕ್ಕೆ ಹಿಮಾಲಯ. ಹಡಗಿನ ಸರಕು ಬಹುಕಾಲ ಕೋಲ್ಕತ್ತದಲ್ಲಿಳಿದು, ಬಿಹಾರದ ಗಡಿಪಟ್ಟಣ ರಕ್ಸೌಲ್ ದಾಟಿ ನೇಪಾಳದ ಬೀರ್‌ಗಂಜ್ ಸೇರಬೇಕಿತ್ತು. 2018ರ ಮಳೆಗಾಲದಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಮಂಗಳೂರಿನ ಹಾದಿ ಕಡಿದಾಗ ನಾವು ಪಟ್ಟ ಪಾಡನ್ನು ನೆನೆದರೆ ಆ ದೇಶದ ಸಂಕಟ ಸ್ವಲ್ಪವಾದರೂ ಅರ್ಥವಾದೀತು. ನಮಗೆ ಮೈಸೂರಿನ ದಾರಿಯಾದರೂ ಇತ್ತು.

ಭಾರತದ ಜೊತೆಗಿನ 1950ರ ಒಪ್ಪಂದದಿಂದ ಇಂದಿನವರೆಗಿನ ಕಥೆಯೆಲ್ಲ ಗಡಿಬಾಗಿಲು ತೆರೆದ, ಮುಚ್ಚಿದ ಕಥೆಯೇ. 1989ರ ಮಾರ್ಚ್‌ನಲ್ಲಿ ಒಪ್ಪಂದಗಳ ಅವಧಿ ಮುಗಿದು, ಎರಡನ್ನು ಬಿಟ್ಟು ಉಳಿದ ಸಾಗಣೆ ದಾರಿಗಳು ಬಂದ್ ಆದವು; ಸೀಮೆಎಣ್ಣೆ ಸಿಗದ ಜನ ಸೌದೆಗಾಗಿ ಕಾಡಿಗೆ ಹೋದರು. 2015ರ ಏಪ್ರಿಲ್‌ನ ಭೂಕಂಪದಲ್ಲಿ ಸುಮಾರು 9 ಸಾವಿರ ಮಂದಿ ಸತ್ತರು. ಅದೇ ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ ಬಂದು ಭಾರತದ ಗಡಿಗೆ ತಾಗಿದ ತರಾಯಿ ಬಯಲಿನಲ್ಲಿ ಪ್ರತಿಭಟನೆ ಎದ್ದಾಗ ಲಾರಿಗಳು ಗಡಿಯಲ್ಲೇ ನಿಂತವು. ತಡೆದವರು ಯಾರೆಂದು ಕೇಳಿದರೆ ಕಠ್ಮಂಡುವಿನ ಉತ್ತರ ಒಂದು, ದೆಹಲಿಯ ಉತ್ತರ ಇನ್ನೊಂದು. ಅಡುಗೆ ಅನಿಲವಿಲ್ಲದೆ ಚಳಿಗಾಲ ಕಳೆದವರಿಗೆ ಎರಡರಿಂದಲೂ ಒಲೆ ಉರಿಯಲಿಲ್ಲ.

ಇಷ್ಟು ಅವಲಂಬನೆ ಇರುವಾಗ ಸ್ವಂತ ಉದ್ಯಮ ಬೇರೂರುವುದು ಕಷ್ಟ. ನೇಪಾಳದ ವಿದೇಶ ವ್ಯಾಪಾರದ ಸುಮಾರು ಮೂರನೇ ಎರಡು ಪಾಲು ಭಾರತದ ಜೊತೆಗೇ ನಡೆಯುತ್ತದೆ. 1996ರ ಒಪ್ಪಂದ ಅಲ್ಲಿನ ಕಾರ್ಖಾನೆಯ ಸರಕಿಗೆ ಸುಂಕವಿಲ್ಲದ ಪ್ರವೇಶ ಕೊಟ್ಟಿತು. ಡಾಲ್ಡಾದಂಥ ವನಸ್ಪತಿ ತುಪ್ಪ, ತಾಮ್ರದ ತಂತಿ ಭರದಿಂದ ಬಂದವು. ಇಲ್ಲಿನ ತಯಾರಕರು ಕೂಗೆಬ್ಬಿಸಿದರು. 2002ರಲ್ಲಿ ಒಪ್ಪಂದ ನವೀಕರಿಸುವಾಗ ಇಂಥ ಸರಕಿಗೆ ಮಿತಿ ಹೇರಲಾಯಿತು.

ಮೆಣಸಿನದೂ ಅದೇ ದಾರಿ. ವಿಯೆಟ್ನಾಂ ಮೆಣಸು ನೇರವಾಗಿ ಭಾರತಕ್ಕೆ ಬಂದರೆ ಶೇ 50ರ ಆಸುಪಾಸಿನ ಸುಂಕ. ನೇಪಾಳದ ಕೃಷಿ ಉತ್ಪನ್ನಕ್ಕೆ ಸುಂಕವಿಲ್ಲ. ವಿಯೆಟ್ನಾಂ ಮೆಣಸು ನೇಪಾಳಕ್ಕೆ ಹೋಗಿ, ಅಲ್ಲಿನ ಬೆಳೆ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂತು; ಸುಂಕದ ಈ ಅಂತರವೇ ಲಾಭ. ಕಠ್ಮಂಡುವಿನ ಲೆಕ್ಕದಲ್ಲಿ ಅದು ರಫ್ತು. ಬಳ್ಳಿ ನೆಟ್ಟವರೂ ಇಲ್ಲ, ಏಣಿ ಹತ್ತಿ ಕೊಯ್ದವರೂ ಇಲ್ಲ. 2017ರ ಡಿಸೆಂಬರ್‌ನಲ್ಲಿ ಭಾರತ ಆಮದು ಮೆಣಸಿಗೆ ಕಿಲೋಗೆ ಕನಿಷ್ಠ 500 ರೂಪಾಯಿ ಬೆಲೆ ನಿಗದಿ ಮಾಡಿತು. 2020ರಲ್ಲಿ ನೇಪಾಳವೇ ಕಾಳುಮೆಣಸು, ಅಡಿಕೆಯ ಆಮದನ್ನು ನಿಷೇಧಿಸಿತು.

ನಮ್ಮ ಬೆಳೆಗಾರರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ವಹಿವಾಟಿನಿಂದ ನೇಪಾಳದ ರೈತನ ಮನೆಗೂ ಏನೂ ಸೇರಲಿಲ್ಲ. ಅವನ ಮಗ ಕತಾರ್‌ಗೋ ಮಲೇಷ್ಯಾಗೋ ದುಡಿಯಲು ಹೋಗಿದ್ದಾನೆ. ದೇಶದ ಆದಾಯದ ಕಾಲುಭಾಗದಷ್ಟು ಹಣ ಹಾಗೆ ಹೋದವರು ಕಳಿಸುವುದೇ. ಈಗ ನೇಪಾಳಕ್ಕೆ ಭರವಸೆ ಇರುವುದು ಜಲವಿದ್ಯುತ್ ಮೇಲೆ. ನದಿ ಅದರದೇ, ನೀರೂ ಅದರದೇ. 2021ರಿಂದ ಭಾರತಕ್ಕೆ ವಿದ್ಯುತ್ ಮಾರುತ್ತಿದೆ; ಚೀನಾದ ಕೈ ಇರುವ ಯೋಜನೆಗಳ ವಿದ್ಯುತ್ತನ್ನು ಮಾತ್ರ ಭಾರತ ಕೊಳ್ಳುವುದಿಲ್ಲ.