ಹಳೆಯ ಸ್ಪೋರ್ಟ್ಸ್ ಕಾರಿಗೆ ಮರದ ಗೇರ್ ನಾಬ್: ಅಳತೆ, ಬುಷ್, ಕಡೆತ

ಮರದ ಗೇರ್ ನಾಬ್ ಮಾಡಲು ಹೊರಟವರು ಮೊದಲು ಯೋಚಿಸುವುದು ಮರದ ಬಣ್ಣ, ಪಾಲಿಶ್ ಬಗ್ಗೆ. ಆದರೆ ನಾಬ್ ಕೆಡುವುದು ಹೆಚ್ಚಾಗಿ ಒಳಗಿನಿಂದ. ಥ್ರೆಡ್ ಸವೆದು ಅಲ್ಲಾಡುತ್ತದೆ, ಹಿತ್ತಾಳೆ ಬುಷ್ (ಮರದೊಳಗೆ ಅಂಟಿಸುವ, ಒಳಗೆ ಥ್ರೆಡ್ ಇರುವ ಕೊಳವೆ) ಅಂಟು ಬಿಟ್ಟು ಸುತ್ತುತ್ತದೆ, ಇಲ್ಲವೇ ಬುಷ್ ಸುತ್ತಲಿನ ಮರ ಸೀಳುತ್ತದೆ. ಹಾಗಾಗಿ ಇಲ್ಲಿ ಥ್ರೆಡ್ ಮೊದಲು, ಹೊಳಪು ಕೊನೆಗೆ.

ಲಿವರ್‌ನ ಥ್ರೆಡ್ ಗುರುತಿಸುವುದು

1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರ ಲಿವರ್‌ನಲ್ಲಿ ಎಂ10×1.25 ಥ್ರೆಡ್ ಇರುತ್ತದೆ, ಅಂದರೆ ವ್ಯಾಸ 10 ಮಿ.ಮೀ., ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ) 1.25 ಮಿ.ಮೀ. ಎಂಜಿಬಿಯಂಥ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾಗಿ ಇಂಚಿನ ಅಳತೆಯ ಯುಎನ್‌ಎಫ್ ಥ್ರೆಡ್. ಕಾರಿನ ಹೆಸರು ನೋಡಿ ನಿರ್ಧರಿಸಬೇಡಿ. ಹಿಂದಿನ ಮಾಲೀಕರು ಲಿವರ್ ಬದಲಿಸಿರಬಹುದು, ಥ್ರೆಡ್ ಮೇಲೆ ಹೊಸ ಡೈ (ಹೊರ ಥ್ರೆಡ್ ಕತ್ತರಿಸುವ ಉಪಕರಣ) ಓಡಿಸಿರಲೂಬಹುದು.

ವರ್ನಿಯರ್‌ನಲ್ಲಿ ವ್ಯಾಸ ಮಾತ್ರ ಅಳೆದರೆ ಸಾಲದು. 5/16 ಯುಎನ್‌ಎಫ್ ಎಂದರೆ 7.94 ಮಿ.ಮೀ., ಎಂ8 ಎಂದರೆ 8 ಮಿ.ಮೀ. ತುಸು ಸವೆದ ಲಿವರ್‌ನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಹತ್ತು ಪಿಚ್‌ಗಳ ಉದ್ದ ಅಳೆಯಿರಿ: ಇಂಚಿಗೆ 24 ಥ್ರೆಡ್‌ನ ಯುಎನ್‌ಎಫ್‌ನಲ್ಲಿ 10.6 ಮಿ.ಮೀ., ಎಂ8×1.25ರಲ್ಲಿ 12.5 ಮಿ.ಮೀ. ಆದರೆ ಎಂ8×1ರಲ್ಲಿ 10 ಮಿ.ಮೀ. ಬರುತ್ತದೆ, ಅಂದರೆ ಯುಎನ್‌ಎಫ್‌ಗೆ ತೀರಾ ಹತ್ತಿರ. ಅಲ್ಲಿ ಪಿಚ್ ಗೇಜ್ ಬೇಕು. ಅಳತೆ ಗೊತ್ತಿರುವ ನಟ್ ಒಂದನ್ನು ಬೆರಳಲ್ಲೇ ತಿರುಗಿಸಿಯೂ ನೋಡಬಹುದು. ತಪ್ಪಾದ ನಟ್ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಅಲ್ಲಿಂದ ಮುಂದೆ ಸ್ಪ್ಯಾನರ್ ಹಾಕಿದರೆ ಲಿವರ್‌ನ ಥ್ರೆಡ್ ಹಾಳು.

ಇನ್ನೊಂದು ಮಾತು. ಕೊನೆಯ ವರ್ಷಗಳ ಎಂಜಿಬಿಯಲ್ಲಿ ಓವರ್‌ಡ್ರೈವ್ (ವೇಗದ ಓಟಕ್ಕೆ ಬಳಸುವ ಹೆಚ್ಚುವರಿ ಗೇರ್) ಸ್ವಿಚ್ ನಾಬ್‌ನಲ್ಲೇ ಇರುತ್ತದೆ. ಅದಕ್ಕೆ ತಂತಿಯ ದಾರಿ, ಸ್ವಿಚ್‌ಗೆ ಗುಂಡಿ ಎಲ್ಲ ಕೊರೆಯಬೇಕಾಗುತ್ತದೆ. ಮೊದಲ ಪ್ರಯತ್ನಕ್ಕೆ ಅದು ಬೇಡ.

ಹಿತ್ತಾಳೆ ಬುಷ್

ಮರದಲ್ಲೇ ನೇರವಾಗಿ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕತ್ತರಿಸುವ ಉಪಕರಣ) ಹಾಕಿದ ಥ್ರೆಡ್ ಬಾಳುವುದಿಲ್ಲ, ಪ್ರತಿ ಗೇರ್ ಬದಲಾವಣೆಯ ಪಕ್ಕದ ಒತ್ತಡಕ್ಕೆ ಪುಡಿಯಾಗುತ್ತದೆ. 16 ಮಿ.ಮೀ. ವ್ಯಾಸದ ಹಿತ್ತಾಳೆ ಸರಳಿನಲ್ಲಿ 22 ಮಿ.ಮೀ. ಉದ್ದದ ತುಂಡು ಕತ್ತರಿಸಿ. ಥ್ರೆಡ್ ಹಿಡಿತ ವ್ಯಾಸದ ಒಂದೂವರೆ ಪಟ್ಟು ಇದ್ದರೆ ಒಳ್ಳೆಯದು. ಎಂ10ಕ್ಕೆ 15 ಮಿ.ಮೀ. ಬೇಕು, ಹಾಗಾಗಿ ಈ ಉದ್ದ ಧಾರಾಳ. ಟ್ಯಾಪ್‌ಗೆ ಮುನ್ನ ಕೊರೆಯುವ ರಂಧ್ರ ಎಂ10×1.25ಕ್ಕೆ 8.8 ಮಿ.ಮೀ., 3/8 ಯುಎನ್‌ಎಫ್‌ಗೆ 8.5, 5/16 ಯುಎನ್‌ಎಫ್‌ಗೆ 6.9. ರಂಧ್ರ ಬುಷ್‌ನ ಆಚೆಗೂ ತೂರಿ ಹೋಗಲಿ. ಟ್ಯಾಪನ್ನು ಡ್ರಿಲ್ ಪ್ರೆಸ್‌ನ ಚಕ್‌ಗೆ ಕಚ್ಚಿಸಿ, ಸ್ವಿಚ್ ಆರಿಸಿ, ಮೊದಲ ಕೆಲವು ಸುತ್ತು ಕೈಯಿಂದಲೇ ತಿರುಗಿಸಿ. ಥ್ರೆಡ್ ಓರೆಯಾಗುವುದು ಶುರುವಿನಲ್ಲಿಯೇ.

ಬುಷ್‌ನ ಹೊರಮೈಯಲ್ಲಿ ಎರಡು ಮೂರು ತೋಡು ಕೊರೆದು, ಒರಟು ಎಮರಿಯಿಂದ ಉಜ್ಜಿ. ಒಂದು ಬದಿಯನ್ನು ಅರದಿಂದ ಉದ್ದಕ್ಕೂ ಚಪ್ಪಟೆ ಮಾಡಿ. ಬುಷ್ ಸುತ್ತದಂತೆ ಅದು ತಡೆಯುತ್ತದೆ. ಜೊತೆಗೆ ಒಳಗೆ ಸಿಕ್ಕಿಬಿದ್ದ ಗಾಳಿಗೂ ಹೆಚ್ಚಿನ ಅಂಟಿಗೂ ಹೊರಬರಲು ದಾರಿಯಾಗುತ್ತದೆ. ಈ ದಾರಿ ಇಲ್ಲದಿದ್ದರೆ ಒತ್ತಿ ಕೂರಿಸಿದ ಬುಷ್ ನಿಧಾನಕ್ಕೆ ಮೇಲೆದ್ದು ಬರುತ್ತದೆ, ನೋಡುವ ಹೊತ್ತಿಗೆ ಅಂಟು ಗಟ್ಟಿಯಾಗಿರುತ್ತದೆ.

ಮರ ಮತ್ತು ಅಂಟು

ಚೆನ್ನಾಗಿ ಒಣಗಿದ ತೇಗ, ಬೀಟೆ ಅಥವಾ ವಾಲ್ನಟ್. 60×60 ಮಿ.ಮೀ., ಉದ್ದ 75. ನಾರು ಲಿವರ್‌ನ ಉದ್ದಕ್ಕೇ ಸಾಗಬೇಕು. ಕಾಂಡದ ನಡುವಿನ ತಿರುಳು ತುಂಡಿನಲ್ಲಿ ಇರಲೇಬಾರದು, ಸೀಳು ಅಲ್ಲಿಂದಲೇ ಹುಟ್ಟುತ್ತದೆ.

16 ಮಿ.ಮೀ. ಫೋರ್ಸ್ಟ್‌ನರ್ ಬಿಟ್‌ನಿಂದ (ಚಪ್ಪಟೆ ತಳದ ಗುಂಡಿ ಕೊರೆಯುವ ಬಿಟ್) 26 ಮಿ.ಮೀ. ಆಳ ಕೊರೆದು, ಬುಷ್ ಬೆರಳ ಒತ್ತಡಕ್ಕೆ ಜಾರಿ ಇಳಿಯುವಷ್ಟು ಸಡಿಲ ಮಾಡಿಕೊಳ್ಳಿ. ಬುಷ್ ಬಾಯಿ ಮರದ ತಳಕ್ಕೆ ಸಮನಾಗಿ ಕೂರಲಿ. ಗುಂಡಿಯ ಕೊನೆಯಲ್ಲಿ ಉಳಿಯುವ ನಾಲ್ಕು ಮಿ.ಮೀ. ಜಾಗಕ್ಕೆ ಅಂಟು ತುಂಬದಂತೆ ಬುಷ್‌ನ ಒಳಬಾಯಿಗೆ ಟೇಪ್ ಅಂಟಿಸಿ. ಲಿವರ್ ತುದಿ ಗುಂಡಿಯ ಕೊನೆಯ ಮರಕ್ಕೆ ತಾಗುವಂತಿದ್ದರೆ ಪ್ರತಿ ಸಲ ಬಿಗಿ ಮಾಡುವಾಗಲೂ ಅದು ಜ್ಯಾಕ್ ಹಾಕಿದಂತೆ ಮರವನ್ನು ಬುಷ್‌ನಿಂದ ಮೇಲಕ್ಕೆ ಎತ್ತುತ್ತದೆ. ಲಿವರ್‌ನ ಥ್ರೆಡ್ ಉದ್ದವಾಗಿದ್ದರೆ ಗುಂಡಿಯನ್ನೂ ಅದಕ್ಕೆ ತಕ್ಕಂತೆ ಆಳ ಮಾಡಿ.

ತೇಗ, ಬೀಟೆ ಎರಡರಲ್ಲೂ ಎಣ್ಣೆಯಂಶ ಇದೆ. ಅಂಟಿಸುವ ಮುಂಚೆ ಗುಂಡಿಯನ್ನು ಅಸಿಟೋನ್‌ನಿಂದ ಒರೆಸಿ. ಐದು ನಿಮಿಷದ ಎಪಾಕ್ಸಿ ಬೇಡ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಶಾಖಕ್ಕೆ ಅದು ಮೆತ್ತಗಾಗುತ್ತದೆ. ನಿಧಾನಕ್ಕೆ ಗಟ್ಟಿಯಾಗುವ ಬಗೆಯನ್ನು ಬಳಸಿ 24 ಗಂಟೆ ಮುಟ್ಟದೆ ಬಿಡಿ. ಬುಷ್‌ಗೆ ಮೇಣ ಸವರಿದ ಬೋಲ್ಟ್ ತಿರುಗಿಸಿಟ್ಟರೆ ಥ್ರೆಡ್‌ಗೆ ಅಂಟು ಹೋಗುವುದಿಲ್ಲ.

ಕಡೆಯುವುದು

ಇಲ್ಲೊಂದು ಒಳ್ಳೆಯ ಉಪಾಯವಿದೆ. ಅದೇ ಥ್ರೆಡ್‌ನ ಬೋಲ್ಟ್ ಒಂದನ್ನು ಲೇತ್ ಚಕ್‌ಗೆ ನೇರವಾಗಿ ಕಚ್ಚಿಸಿ, ಅದರ ಮೇಲೆ ನಟ್ ಹಾಕಿ, ನಾಬನ್ನು ಆ ನಟ್‌ಗೆ ಒತ್ತುವಂತೆ ತಿರುಗಿಸಿ ಕೂರಿಸಿ. ಬುಷ್ ಅಂಟುವಾಗ ತುಸು ಓರೆಯಾಗಿದ್ದರೂ ಹೊರ ಆಕಾರ ಥ್ರೆಡ್‌ನ ಅಕ್ಷಕ್ಕೇ ಸರಿಹೊಂದುತ್ತದೆ. ಮೊದಲು ಮರ ಕಡೆದು ಆಮೇಲೆ ರಂಧ್ರ ಕೊರೆದರೆ ಈ ಲಾಭ ಇಲ್ಲ. ನಾಬ್ ತಿರುಗಿಸುವಾಗ ಓಲಾಡುವುದು ಕಣ್ಣಿಗೇ ಕಾಣುತ್ತದೆ. ನಟ್ ಹಾಕುವುದನ್ನು ಮರೆತರೆ ಉಳಿಯ ಒತ್ತಡಕ್ಕೆ ನಾಬ್ ಬೋಲ್ಟ್‌ಗೆ ಬಿಗಿದುಕೊಂಡು ಬಿಚ್ಚಲು ಒದ್ದಾಡಬೇಕು.

ದೊಡ್ಡ ವ್ಯಾಸ 45ರಿಂದ 50 ಮಿ.ಮೀ. ಕೈಗೆ ಹಿತ. ಕತ್ತಿನ ಬಳಿ 28 ಮಿ.ಮೀ.ಗಿಂತ ಸಣ್ಣ ಮಾಡಬೇಡಿ. 16ರ ಬುಷ್ ಸುತ್ತ ಆಗ ಉಳಿಯುವುದೇ 6 ಮಿ.ಮೀ. ಮರ. ಒಣ ಹವೆಗೆ ಮರ ಕುಗ್ಗುತ್ತದೆ, ಹಿತ್ತಾಳೆ ಜಗ್ಗುವುದಿಲ್ಲ, ತೆಳು ಗೋಡೆ ಸೀಳುತ್ತದೆ. ತೆಳುವಾದ ಕತ್ತಿನ ನಾಬ್ ನೋಡಲು ಚೆಂದ, ನಿಜ, ಆದರೆ ಅದಕ್ಕೆ 12 ಮಿ.ಮೀ. ಬುಷ್ ಬೇಕು.

48 ಮಿ.ಮೀ. ತೇಗದ ಗುಂಡು ಬುಷ್ ಸೇರಿ ಸುಮಾರು 60 ಗ್ರಾಂ ತೂಗುತ್ತದೆ. ಅದೇ ಅಳತೆಯ ಉಕ್ಕಿನದು 450 ಗ್ರಾಂ. ಭಾರವಾದ ನಾಬ್‌ಗೆ ಒಗ್ಗಿದವರಿಗೆ ಮರದ್ದು ಹಗುರ ಅನ್ನಿಸಿದರೆ ಬುಷ್ ಉದ್ದ ಮಾಡಲಿ.

ಹೊಳಪು, ಜೋಡಣೆ

120ರಿಂದ 400ರವರೆಗೆ ಸ್ಯಾಂಡ್‌ಪೇಪರ್, ನಡುವಿನ ನಂಬರ್ ಬಿಡದೆ. ಶೆಲ್ಯಾಕ್ ಲೇತ್ ಮೇಲೆ ಬೇಗ ಮಿನುಗುತ್ತದೆ. ಆದರೆ ಅದು ಆಲ್ಕೋಹಾಲ್‌ನಲ್ಲಿ ಕರಗುವ ವಸ್ತು: ಸ್ಯಾನಿಟೈಸರ್ ಒಣಗದ ಕೈ ತಾಗಿದರೆ ಬೆರಳಚ್ಚು ಮೂಡುತ್ತದೆ. ಡ್ಯಾನಿಶ್ ಆಯಿಲ್ ಮೇಲು. ತೆಳುವಾಗಿ ಹಚ್ಚಿ, ಕಾಲು ಗಂಟೆಗೆ ಒರೆಸಿ, ಮರುದಿನ ಮತ್ತೊಂದು ಪದರ, ಹೀಗೆ ನಾಲ್ಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಬಯಲಲ್ಲಿ ಹರವಿ ಒಣಗಿಸಿ.

ಲಿವರ್‌ಗೆ ಮೊದಲು ತೆಳು ಲಾಕ್ ನಟ್, ಮೇಲೆ ನಾಬ್. ನಾರಿನ ಚಿತ್ತಾರ ಬೇಕಾದ ದಿಕ್ಕಿಗೆ ಬಂದಾಗ ನಾಬನ್ನು ಕೈಯಲ್ಲಿ ಹಿಡಿದು ನಟ್ಟನ್ನು ಕೆಳಗಿನಿಂದ ಬುಷ್‌ಗೆ ಬಿಗಿಯಿರಿ. ನಟ್ ಹಿತ್ತಾಳೆಗೆ ಮಾತ್ರ ತಾಗಬೇಕು. ಅದು ಮರದ ಮೇಲೆ ಕೂರುವಷ್ಟು ಅಗಲವಿದ್ದರೆ ನಡುವೆ ಸಣ್ಣ ವಾಷರ್ ಹಾಕಿ. ಎಂಜಿನ್ ಆರಿಸಿ ಎಲ್ಲ ಗೇರ್‌ಗೂ, ರಿವರ್ಸ್‌ಗೂ ಹಾಕಿ, ಬೆರಳ ಗೆಣ್ಣು ಡ್ಯಾಶ್‌ಬೋರ್ಡ್‌ಗೆ ತಾಗುತ್ತದೆಯೇ ನೋಡಿ.