ಹೊಲದಲ್ಲಿ ಕಲ್ಲು ಬೆಳೆಯುತ್ತಿದೆಯೇ?

"ವರ್ಷಾ ವರ್ಷಾ ಆಯ್ದು ಹಾಕ್ತೀವಿ ಸಾರ್, ಆದ್ರೂ ಹೊಲದಲ್ಲಿ ಕಲ್ಲು ಬೆಳೀತಾನೇ ಅವೆ." ಜಲಾನಯನ ಕೆಲಸಕ್ಕೆಂದು, ಅಂದರೆ ಮಳೆನೀರು, ಮಣ್ಣು ಉಳಿಸುವ ಕೆಲಸಕ್ಕೆಂದು ಬಾಗೇಪಲ್ಲಿ, ಗುಡಿಬಂಡೆ ಕಡೆ ತಿರುಗುವಾಗ ರೈತರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಜೋರು ಮಳೆಯ ಮರುದಿನವಾಗಿದ್ದರೆ ಅವರನ್ನು ಇಳಿಜಾರಿನಲ್ಲಿ ಕುಕ್ಕರಗಾಲಲ್ಲಿ ಕೂರಿಸಿ ತೋರಿಸುತ್ತೇನೆ. ಒಂದೊಂದು ಹರಳಿನ ಕೆಳಗೂ ಬೆರಳ ಗೆಣ್ಣಿನೆತ್ತರದ ಮಣ್ಣಿನ ಕಂಬ ನಿಂತಿರುತ್ತದೆ. ಕಲ್ಲು ಕೊಡೆ ಹಿಡಿದಷ್ಟು ಮಣ್ಣು ಉಳಿದಿದೆ, ಸುತ್ತಲಿನದು ಕೊಚ್ಚಿಹೋಗಿದೆ. ಇಳಿದದ್ದು ನೆಲ.

ಒಂದು ಎಕರೆಯಲ್ಲಿ 1 ಮಿ.ಮೀ. ಮಣ್ಣು ಹೋದರೆ ಸುಮಾರು 4 ಘನಮೀಟರ್ ಹೋದಂತೆ. ಟ್ರಾಕ್ಟರ್ ಟ್ರೇಲರ್ ಒಂದು ತುಂಬಿ ಮಿಗುತ್ತದೆ. ಮೊದಲು ಹೋಗುವುದೇ ಸಾರವಿರುವ ನುಣ್ಣನೆಯ ಮಣ್ಣು. ಉಳಿದ ಕೆಂಪು ಮಣ್ಣು ಹನಿಗಳ ಹೊಡೆತಕ್ಕೆ ಮೇಲೆ ಹೆಪ್ಪುಗಟ್ಟುತ್ತದೆ, ಮುಂದಿನ ಮಳೆ ಇಂಗುವುದಿಲ್ಲ. ಒಂದೇ ಸಂಜೆ 40 ಮಿ.ಮೀ. ಬಿದ್ದರೆ ಎಕರೆಗೆ 1.6 ಲಕ್ಷ ಲೀಟರ್ ನೀರು. ಅದರಲ್ಲಿ ಬಹುಪಾಲು ಹಳ್ಳಕ್ಕೆ ಹರಿದ ಮೇಲೆ, ವಾರ ಕಳೆಯುವಷ್ಟರಲ್ಲಿ ರಾಗಿ ಬಾಡಿದರೆ ಮಳೆಯನ್ನು ಬೈದು ಏನು ಪ್ರಯೋಜನ?

ಊರವರು ಮೊದಲು ಕೇಳುವುದು ಚೆಕ್ ಡ್ಯಾಂ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಪ್ಪಿಬಿಟ್ಟಿದ್ದೆ. ಮೇಲಿನ ಹೊಲಗಳಿಗೆ ಬದು ಇರಲಿಲ್ಲ. ಮೂರನೇ ಮಳೆಗಾಲಕ್ಕೆ ಹೂಳು ಗೋಡೆಯ ಮಟ್ಟಕ್ಕೆ ಬಂದಿತ್ತು, ಹುಡುಗರು ಅದರ ಮೇಲೆ ಕ್ರಿಕೆಟ್ ಆಡುತ್ತಿದ್ದರು. ಅದು ಅವರಪ್ಪಂದಿರ ಹೊಲದ್ದೇ ಮಣ್ಣು. ಅಂದಿನಿಂದ ದಿಣ್ಣೆಯ ನೆತ್ತಿಯಿಂದಲೇ ಕೆಲಸ ಶುರು ಮಾಡೋಣ ಎಂದು ಹಟ ಹಿಡಿಯುತ್ತೇನೆ.

ಉಳುಮೆ ಇಳಿಜಾರಿಗೆ ಅಡ್ಡಲಾಗಿರಲಿ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲನ್ನು ತಪ್ಪದೆ ಹಾಕಿ. ರಾಗಿ ಕೊಯ್ದ ಮೇಲೂ ನೆಲಕ್ಕೆ ಹೊದಿಕೆ ಸಿಗುತ್ತದೆ. ಬದುವಿಗೆ ಕೋಡಿ ಬೇಕೇ ಬೇಕು. ಉದ್ಯೋಗ ಖಾತ್ರಿಯಲ್ಲಿ ಕಟ್ಟಿದ ಎಷ್ಟೋ ಬದುಗಳು ಹೆಚ್ಚಾದ ನೀರಿಗೆ ದಾರಿಯಿಲ್ಲದೆ ಒಡೆದು, ಒಡೆದಲ್ಲೇ ಕೊರಕಲಾಗಿರುವುದನ್ನು ನೋಡಿದ್ದೇನೆ. ಕಲ್ಲು ಹಾಸಿದ ಕೋಡಿಗೆ ಅರ್ಧ ದಿನದ ಕೆಲಸ ಸಾಕಿತ್ತು.

ಇನ್ನು ಆಯ್ದು ಮೂಲೆಗೆ ಸುರಿದ ಆ ಕಲ್ಲಿನ ಗುಡ್ಡೆ. ಗಾರೆಯವರ ಹತ್ತಿರ ಇರುವ ನೀರಿನ ಟ್ಯೂಬಿನಲ್ಲಿ ಮಟ್ಟ ನೋಡಿ, ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಆ ಕಲ್ಲುಗಳನ್ನು ಮೊಣಕಾಲೆತ್ತರ ಜೋಡಿಸಿ. ದೊಡ್ಡವು ಇಳಿಜಾರಿನ ಕೆಳಬದಿಗೆ, ಸಣ್ಣವು ನೀರು ಬರುವ ಕಡೆಗೆ. ನೀರು ಸಂದಿಯಲ್ಲಿ ಸೋಸಿ ಹೋಗುತ್ತದೆ, ಮಣ್ಣು ಹಿಂದೆ ನಿಲ್ಲುತ್ತದೆ. ಮಳೆಗಾಲ ಕಳೆದ ಮೇಲೆ ಅಲ್ಲಿ ಕೈಯಾಡಿಸಿ ನೋಡಿ, ನುಣ್ಣನೆಯ ಮಣ್ಣು ಸಿಗುತ್ತದೆ.