ಎಲುಬು ಬಿಟ್ಟು ಒಡವೆ ಓದಿದವರು

1823ರ ಜನವರಿ. ಆಕ್ಸ್‌ಫರ್ಡ್‌ನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ವೇಲ್ಸ್‌ನ ಕಡಲಂಚಿನ ಪ್ಯಾವಿಲ್ಯಾಂಡ್ ಗುಹೆಯಲ್ಲಿ ಒಂದು ಅಸ್ಥಿಪಂಜರ ಅಗೆದು ತೆಗೆದ. ತಲೆಬುರುಡೆ ಇರಲಿಲ್ಲ. ಎಲುಬುಗಳಿಗೆ ಕೆಮ್ಮಣ್ಣಿನ ಬಣ್ಣ ಹಿಡಿದಿತ್ತು. ಪಕ್ಕದಲ್ಲಿ ದಂತದ ಕಡ್ಡಿಗಳು, ತೂತು ಕೊರೆದ ಪುಟ್ಟ ಚಿಪ್ಪುಗಳು. ಕಳ್ಳಸಾಗಣೆಯವರು ಕೊಂದುಹಾಕಿದ ಸುಂಕದ ಅಧಿಕಾರಿ ಇರಬೇಕು ಎಂದು ಅವನು ಮೊದಲು ಅಂದುಕೊಂಡ. ಆಮೇಲೆ ಮನಸ್ಸು ಬದಲಾಯಿಸಿ, ರೋಮನ್ನರ ಕಾಲದ ಹೆಂಗಸು ಎಂದ. ‘ಕೆಂಪು ಹೆಂಗಸು’ ಎಂಬ ಹೆಸರು ಅಂದಿನಿಂದ ಅಂಟಿಕೊಂಡಿದೆ.

ಅವಳು ಹೆಂಗಸಲ್ಲ, ಹರೆಯದ ಗಂಡಸು. ಹೂತು ಸುಮಾರು 33,000 ವರ್ಷಗಳಾಗಿವೆ. ಪಾದ್ರಿಯೂ ಆಗಿದ್ದ ಬಕ್‌ಲ್ಯಾಂಡ್‌ಗೆ ಬೈಬಲಿನ ಜಲಪ್ರಳಯಕ್ಕಿಂತ ಹಳೆಯ ಮನುಷ್ಯ ಅಲ್ಲಿ ಸಿಗುವುದು ಊಹೆಗೂ ನಿಲುಕದ ಮಾತು. ಒಡವೆ ಕಂಡಿತು, ಹೆಣ್ಣೆಂದುಬಿಟ್ಟ.

ಮುಂದಿನವರು ಎಲುಬನ್ನೇ ನೋಡಿದರು, ಆದರೆ ಅಳತೆಪಟ್ಟಿ ಹಿಡಿದು. ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್ ತಲೆಬುರುಡೆಗಳಿಗೆ ಮೊದಲು ಕಾಳು, ಆಮೇಲೆ ಸೀಸದ ಗುಂಡು ತುಂಬಿ, ಯಾವ ಜನಾಂಗದ ಮಿದುಳು ದೊಡ್ಡದು ಎಂದು ಶ್ರೇಣಿ ಕಟ್ಟಿದ. ಆ ಬುರುಡೆ ಯಾರದು, ಅವರು ಹೇಗೆ ಬದುಕಿದ್ದರು ಎಂಬುದು ಅವನ ಪ್ರಶ್ನೆಯೇ ಆಗಿರಲಿಲ್ಲ.

ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ತೆರೆದ ವೈಕಿಂಗ್ ಗೋರಿಯ ಕಥೆ ಇನ್ನೂ ಸ್ವಾರಸ್ಯದ್ದು. ಖಡ್ಗ, ಕೊಡಲಿ, ಭರ್ಜಿ, ಬಾಣ, ಎರಡು ಗುರಾಣಿ, ಎರಡು ಕುದುರೆ. ಗಂಡು ಯೋಧನಲ್ಲದೆ ಮತ್ತಾರು? ಸೊಂಟದ ಮೂಳೆ ಹೆಣ್ಣಿನದಿದ್ದಂತಿದೆ ಎಂದು 1970ರ ದಶಕದಲ್ಲೇ ಒಬ್ಬರು ಹೇಳಿದ್ದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2017ರಲ್ಲಿ ಡಿಎನ್‌ಎ ಅದನ್ನೇ ಹೇಳಿತು: ಹೆಣ್ಣು. ಕೂಡಲೇ ಎಲುಬು ಅದಲುಬದಲಾಗಿರಬಹುದೇ, ಆಯುಧಗಳು ಅವಳವೇ ಹೌದೇ ಎಂಬ ಅನುಮಾನಗಳು ಎದ್ದವು. ಗಂಡೆಂದು ನಂಬಿದ್ದ ನೂರಕ್ಕೂ ಹೆಚ್ಚು ವರ್ಷ ಅವು ಎಲ್ಲಿದ್ದವೋ! ಹಾಗೆಂದು ಖಡ್ಗ ಪಕ್ಕದಲ್ಲಿದ್ದ ಮಾತ್ರಕ್ಕೆ ಅವಳು ರಣರಂಗಕ್ಕಿಳಿದಿದ್ದಳು ಎಂದೂ ಆಣೆ ಮಾಡಲಾಗದು. ಗೋರಿಯಲ್ಲಿ ಏನಿಡಬೇಕೆಂದು ಗೊತ್ತುಮಾಡುವವರು ಸತ್ತವರಲ್ಲ, ಉಳಿದವರು.

ಬದುಕಿದವರ ಕೈವಾಡವಿಲ್ಲದ ದಾಖಲೆ ಬಾಯಲ್ಲೇ ಇದೆ. ಹಲ್ಲಿನ ಮೇಲ್ಪದರವಾದ ಎನಾಮಲ್ ಬಾಲ್ಯದಲ್ಲಿ ಕಟ್ಟಿಕೊಳ್ಳುತ್ತದೆ, ಆಮೇಲೆ ಬದಲಾಗುವುದಿಲ್ಲ. ಮಗು ತಿಂದ ಅನ್ನ, ಕುಡಿದ ನೀರಿನ ಮೂಲಕ ಆ ನೆಲದ ಸ್ಟ್ರಾನ್ಷಿಯಂ, ಅಂದರೆ ನೆಲದಿಂದ ನೆಲಕ್ಕೆ ಗುರುತು ಬದಲಾಗುವ ಒಂದು ಧಾತು, ಅದರಲ್ಲಿ ಸೇರಿಬಿಡುತ್ತದೆ. ಎಲುಬು ಹಾಗಲ್ಲ, ಬದುಕಿರುವಷ್ಟು ದಿನವೂ ಸವೆದು ಹೊಸದಾಗುತ್ತಿರುತ್ತದೆ. ಹಾಗಾಗಿ ಹಲ್ಲು ಹುಟ್ಟಿ ಬೆಳೆದ ನೆಲವನ್ನು ಹೇಳಿದರೆ, ಎಲುಬು ಕೊನೆಯ ವರ್ಷಗಳ ಊಟವನ್ನು ಹೇಳುತ್ತದೆ. ಎಳವೆಯಲ್ಲಿ ಹಸಿವೋ ಕಾಯಿಲೆಯೋ ಜೋರಾಗಿ ಕಾಡಿದ್ದರೆ ಎನಾಮಲ್ ಬೆಳವಣಿಗೆ ತಡೆದು, ಹಲ್ಲಿಗೆ ಅಡ್ಡಲಾಗಿ ಗೀರು ಬೀಳುತ್ತದೆ. ಉಗುರಿನಿಂದ ಸವರಿದರೆ ಆ ಗೀರು ಕೆಲವೊಮ್ಮೆ ಕೈಗೇ ಸಿಗುತ್ತದೆ.

2002ರಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುಕಂಬಗಳ ವೃತ್ತದ ಹತ್ತಿರದ ಏಮ್ಸ್‌ಬರಿಯಲ್ಲಿ ಒಬ್ಬ ಸಿಕ್ಕ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನವನು. ಚಿನ್ನ, ತಾಮ್ರದ ಚಾಕು, ಬಾಣದ ಮೊನೆಗಳು ಜೊತೆಗಿದ್ದವು. ಪತ್ರಿಕೆಗಳು ‘ಸ್ಟೋನ್‌ಹೆಂಜ್‌ನ ರಾಜ’ ಎಂದು ಕುಣಿದಾಡಿದವು. ಅವನ ಹಲ್ಲು ಹೇಳಿದ್ದು ಬೇರೆ: ಬಾಲ್ಯ ಕಳೆದದ್ದು ದೂರದ ಆಲ್ಪ್ಸ್ ಸೀಮೆಯಲ್ಲಿ. ಎಡಗಾಲಿನ ಮಂಡಿಚಿಪ್ಪೇ ಇಲ್ಲ, ಎಲುಬಿನಲ್ಲಿ ಕೀವುಗಟ್ಟಿದ ಗುರುತಿದೆ. ಕಾಲೆಳೆದುಕೊಂಡು, ನೋವು ನುಂಗಿಕೊಂಡು ಬದುಕಿದವನು. ನನಗಂತೂ ಚಿನ್ನಕ್ಕಿಂತ ಆ ಮಂಡಿಯೇ ಹೆಚ್ಚು ಮಾತಾಡಿದಂತೆ ಕಾಣುತ್ತದೆ.

ಎಲುಬುಗಳನ್ನು ಓದುವ ಹಕ್ಕು ಯಾರದು ಎಂಬ ಜಗಳ ಜೋರಾದದ್ದು ಅಮೆರಿಕದಲ್ಲಿ. ಮೂಲನಿವಾಸಿಗಳ ಪೂರ್ವಜರ ಅವಶೇಷಗಳನ್ನು ಮರಳಿಸಬೇಕೆಂಬ ಕಾನೂನು 1990ರಲ್ಲಿ ಬಂತು. 1996ರಲ್ಲಿ ಕೊಲಂಬಿಯಾ ನದಿಯ ದಂಡೆಯಲ್ಲಿ ‘ಕೆನೆವಿಕ್ ಮನುಷ್ಯ’ ಎಂದು ಹೆಸರಾದ ಪುರಾತನ ಅಸ್ಥಿಪಂಜರ ಸಿಕ್ಕಾಗ, ‘ನಮ್ಮ ಅಜ್ಜ, ಕೊಡಿ’ ಎಂದು ಮೂಲನಿವಾಸಿ ಬುಡಕಟ್ಟುಗಳು ಕೇಳಿದವು. ಬುರುಡೆಯ ಆಕಾರ ನಿಮ್ಮವರದ್ದಲ್ಲ ಎಂದರು ಕೆಲವು ವಿಜ್ಞಾನಿಗಳು. ನ್ಯಾಯಾಲಯವೂ ಅಧ್ಯಯನಕ್ಕೇ ಅವಕಾಶ ಕೊಟ್ಟಿತು. 2015ರಲ್ಲಿ ಡಿಎನ್‌ಎ ನೋಡಿದರೆ, ಅವನಿಗೆ ಹತ್ತಿರದ ನೆಂಟರು ಇಂದಿನ ಮೂಲನಿವಾಸಿಗಳೇ. 2017ರ ಫೆಬ್ರವರಿಯಲ್ಲಿ ಬುಡಕಟ್ಟುಗಳ ಜನ ಸೇರಿ ಅವನನ್ನು ಮತ್ತೆ ಮಣ್ಣು ಮಾಡಿದರು. ಜಾಗ ಎಲ್ಲಿ ಎಂದು ಹೊರಗಿನವರಿಗೆ ಹೇಳಿಲ್ಲ.